ಹಾನ್ಲೆಯ ಬೆಟ್ಟಕ್ಕೂ ಸಿಗದ ಬೆಳಕು

ಪ್ರಶ್ನೆ: ಸರ್, ನಮ್ಮೂರು ಹೊಸಕೋಟೆ. ಇಲ್ಲಿ ಐಐಎ, ಅಂದರೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ಕೂತೇ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕ ನಡೆಸುತ್ತಾರಂತೆ. ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದೂ ಅಲ್ಲೇ ಅಂತೆ. ಅದರ ಕನ್ನಡಿ ಬರೀ 37.5 ಸೆಂ.ಮೀ. ಬೆಟ್ಟದ ಮೇಲೆ ಅಷ್ಟು ದೊಡ್ಡದು ಇರುವಾಗ ಇಷ್ಟು ಚಿಕ್ಕದನ್ನು ರಾಕೆಟ್‌ನಲ್ಲಿ ಕಳಿಸಿದ್ದು ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಹೊಸಕೋಟೆ

ಉತ್ತರ: ಹಾನ್ಲೆ ಇರುವುದು ಸುಮಾರು 4,500 ಮೀಟರ್ ಎತ್ತರದಲ್ಲಿ. ಹೋದವರಿಗೆ ಏದುಸಿರು ಬರುತ್ತದೆ. ಆದರೆ ಓಝೋನ್ ದಟ್ಟವಾಗಿರುವುದು ಅದಕ್ಕಿಂತ ಎಷ್ಟೋ ಮೇಲೆ, 20–30 ಕಿ.ಮೀ. ಎತ್ತರದಲ್ಲಿ. 300 ನ್ಯಾನೋಮೀಟರಿಗಿಂತ ಗಿಡ್ಡ ತರಂಗಾಂತರದ ಬೆಳಕನ್ನು ಅದು ಅಲ್ಲೇ ನುಂಗಿಬಿಡುತ್ತದೆ. 200ಕ್ಕಿಂತ ಕೆಳಗೆ ಹೋದರೆ ಆಮ್ಲಜನಕವೂ ನುಂಗುತ್ತದೆ. ನಮ್ಮ ಚರ್ಮಕ್ಕೆ ಅದರಿಂದ ಒಳ್ಳೆಯದೇ ಆಯಿತು, ಖಗೋಳದವರಿಗೆ ಮಾತ್ರ ಬಾಗಿಲು ಮುಚ್ಚಿತು. ಹಾನ್ಲೆಯಲ್ಲಿ 20 ಮೀಟರ್ ಕನ್ನಡಿ ಇಟ್ಟರೂ ಈ ಬೆಳಕು ಬರುವುದಿಲ್ಲ.

ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಸುತ್ತುವುದು 650 ಕಿ.ಮೀ. ಎತ್ತರದಲ್ಲಿ. ಅದರ ನೇರಳಾತೀತ ದೂರದರ್ಶಕಕ್ಕೆ ಯೂವಿಟ್ ಅಂತ ಹೆಸರು. ಅಕ್ಕಪಕ್ಕ ಎರಡು ಕೊಳವೆ. ಒಂದು 130–180 ನ್ಯಾನೋಮೀಟರಿನ ದೂರದ ನೇರಳಾತೀತಕ್ಕೆ, ಅಂದರೆ ತರಂಗಾಂತರದಲ್ಲಿ ಕಣ್ಣಿಗೆ ಕಾಣುವ ಬೆಳಕಿನಿಂದ ಹೆಚ್ಚು ದೂರ ಇರುವುದಕ್ಕೆ. ಇನ್ನೊಂದು ಹತ್ತಿರದ ನೇರಳಾತೀತಕ್ಕೆ ಮತ್ತು ಕಣ್ಣಿಗೆ ಕಾಣುವ ಬೆಳಕಿಗೆ. ಮಾಮೂಲಿ ಗಾಜು ಈ ಬೆಳಕನ್ನು ತಡೆಯುತ್ತದಲ್ವಾ, ಅದಕ್ಕೆ ದೂರದ ನೇರಳಾತೀತದ ಫಿಲ್ಟರುಗಳನ್ನು ಕ್ಯಾಲ್ಸಿಯಂ ಫ್ಲೋರೈಡ್, ನೀಲಮಣಿಯಂಥ ಹರಳುಗಳಿಂದ ಮಾಡಿದ್ದಾರೆ. ಶನಿ ಕಾಟಕ್ಕೆ ಉಂಗುರದಲ್ಲಿ ಹಾಕಿಕೊಳ್ಳುವ ಅದೇ ನೀಲ, ಆದರೆ ಬಣ್ಣವಿಲ್ಲದ್ದು. ಇಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬಂದಿದೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಿಡ್ಡಿನ ಕಥೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೆ ಕೂರುತ್ತದಲ್ಲ, ಆ ಥರದ ಜಿಡ್ಡು. ಅದರ ಸಾವಿರದ ಒಂದು ಪಾಲು ಕನ್ನಡಿಗೆ ಹತ್ತಿದರೂ ನೇರಳಾತೀತ ಬೆಳಕು ಅಲ್ಲೇ ಸಾಯುತ್ತದೆ. ನಿಮ್ಮೂರಿನಲ್ಲಿ ಅದನ್ನು ಜೋಡಿಸಿದ್ದು ತೀರಾ ಶುದ್ಧ ಕೋಣೆಯೊಳಗೆ. ಮೇಲೆ ಹೋದ ಮೇಲೂ ತಕ್ಷಣ ಮುಚ್ಚಳ ತೆಗೆಯಲಿಲ್ಲ. ಉಪಗ್ರಹದ ಅಂಟು, ಪ್ಲಾಸ್ಟಿಕ್‌ಗಳಿಂದ ಹೊರಡುವ ಆವಿಯೆಲ್ಲ ಹಾರಿಹೋಗಲಿ ಅಂತ ಎರಡು ತಿಂಗಳು ಕಾದು, ನವೆಂಬರ್ 30ಕ್ಕೆ ತೆರೆದರು. ಆಮೇಲೂ ಎನ್‌ಜಿಸಿ 188 ಎಂಬ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಧ್ರುವ ನಕ್ಷತ್ರದ ಹತ್ತಿರ ಇರುವುದರಿಂದ ವರ್ಷವಿಡೀ ಸಿಗುತ್ತದೆ. ಅದರ ಹೊಳಪು ಕಡಿಮೆಯಾಯಿತೋ, ಕನ್ನಡಿಗೆ ಏನೋ ಅಂಟಿದೆ ಅಂತ ಲೆಕ್ಕ.

ಹೀಗೆ ಸುಮ್ನೆ ಪರೀಕ್ಷೆಗೆ ಇಟ್ಟುಕೊಂಡ ಗುಚ್ಛದಲ್ಲೇ ಒಂದು ಗುಟ್ಟು ಸಿಕ್ಕಿತು.

ಮೊನ್ನೆ ನಮ್ಮ ಹೈಸ್ಕೂಲು ಬ್ಯಾಚಿನವರು ಸೇರಿದ್ದೆವು. ಎಲ್ಲರದೂ ಬೋಳು ಇಲ್ಲ ಬಿಳಿ. ಒಬ್ಬನದು ಮಾತ್ರ ಕಪ್ಪು ಕೂದಲು. ಎಲ್ಲರಿಗೂ ಗುಮಾನಿ. ಗುಚ್ಛದಲ್ಲೂ ಹಾಗೇ. ಅಲ್ಲಿನ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು. ದಪ್ಪನೆಯವು ಬೇಗ ಉರಿದು ಮುಗಿಯಬೇಕು. ಆದರೂ ಕೆಲವು ಇನ್ನೂ ಎಳೆಯವರಂತೆ ಹೊಳೆಯುತ್ತಿರುತ್ತವೆ. ಇವಕ್ಕೆ ಬ್ಲೂ ಸ್ಟ್ರ್ಯಾಗ್ಲರ್ ಅನ್ನುತ್ತಾರೆ. ಪಕ್ಕದ ನಕ್ಷತ್ರದ ಅನಿಲ ಎಳೆದುಕೊಂಡು ದಪ್ಪಗಾಗಿರಬೇಕು ಅನ್ನುವುದು ಒಂದು ವಿವರಣೆ. ಹಾಗಿದ್ದರೆ ಕೊಟ್ಟವನು ಎಲ್ಲಿ?

ಎನ್‌ಜಿಸಿ 188ರ ಇಂಥದೊಂದು ನಕ್ಷತ್ರ ದೂರದ ನೇರಳಾತೀತದಲ್ಲಿ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಹೊಳೆಯುತ್ತಿತ್ತು. ಐಐಎಯ ಅನ್ನಪೂರ್ಣಿ ಸುಬ್ರಮಣ್ಯಂ ಅವರ ತಂಡ 2016ರಲ್ಲಿ ಲೆಕ್ಕ ಬಿಡಿಸಿ ಹೇಳಿತು: ಪಕ್ಕದಲ್ಲಿ ಸುಮಾರು 17,000 ಕೆಲ್ವಿನ್ ಬಿಸಿಯ ಜೊತೆಗಾರ ಇದ್ದಾನೆ. ಸೂರ್ಯನ ಮೇಲ್ಮೈ 5,800 ಅಷ್ಟೇ. ಚಿತ್ರದಲ್ಲಿ ಎರಡು ಚುಕ್ಕೆ ಕಂಡವು ಅಂದುಕೊಳ್ಳಬೇಡ. ಕಂಡದ್ದು ಒಂದೇ. ಆದರೆ 17,000 ಕೆಲ್ವಿನ್ ಇರುವ ವಸ್ತು ಅತಿ ಹೆಚ್ಚು ಬೆಳಗುವುದು 170 ನ್ಯಾನೋಮೀಟರ್ ಹತ್ತಿರ. ಬಿಸಿ ಹೆಚ್ಚಿದಷ್ಟೂ ಈ ತರಂಗಾಂತರ ಗಿಡ್ಡವಾಗುತ್ತದೆ ಅನ್ನುವ ವೀನ್ ನಿಯಮ ನಿನ್ನ ಪುಸ್ತಕದಲ್ಲೇ ಇದೆ, ಹಾಕಿ ನೋಡು. ಹಾನ್ಲೆಗೆ ಬಾರದ ಬೆಳಕು ಅದೇ.

ಪ್ರಶ್ನೆ: ಹಬಲ್ ಕೂಡ ನೇರಳಾತೀತ ನೋಡುತ್ತದೆ. ಮತ್ತೆ ಇದೇಕೆ?
– ನಿವೃತ್ತ ಬ್ಯಾಂಕ್ ನೌಕರರು, ಶಿರಸಿ

ಉತ್ತರ: ಹಬಲ್ ಹೆಚ್ಚು ಚೂಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಟಕಿ ಕಿರಿದು. ಯೂವಿಟ್ ಒಂದು ಸಲಕ್ಕೆ ಹುಣ್ಣಿಮೆ ಚಂದ್ರನಷ್ಟು ಅಗಲದ ಆಕಾಶ ನೋಡುತ್ತದೆ. ಚೂಪಿನಲ್ಲೂ ತೀರಾ ಹಿಂದಿಲ್ಲ. ಒಂದು ರೂಪಾಯಿ ನಾಣ್ಯವನ್ನು 3 ಕಿ.ಮೀ. ದೂರದಲ್ಲಿಟ್ಟರೆ ಎಷ್ಟು ಚಿಕ್ಕದಾಗಿ ಕಾಣುತ್ತದೋ ಅಷ್ಟು ಸೂಕ್ಷ್ಮ ಅದಕ್ಕೆ ಗೊತ್ತಾಗುತ್ತದೆ. ಉಪಗ್ರಹ ಮೆಲ್ಲಗೆ ಅಲುಗಾಡುತ್ತಲೇ ಇರುತ್ತದೆ. ಅದಕ್ಕೇ ಸೆಕೆಂಡಿಗೆ ಸುಮಾರು 29 ಚಿತ್ರ ತೆಗೆದು, ಕೆಳಗೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತಾರೆ. ಹತ್ತಿರದ ನೇರಳಾತೀತದ ಭಾಗ 2018ರಲ್ಲಿ ಕೈಕೊಟ್ಟಿತು. ದೂರದ್ದು ಆಮೇಲೂ ಕೆಲಸ ಮಾಡಿತು.

ಪ್ರಶ್ನೆ: ಈ ಚಿತ್ರಗಳನ್ನು ನಾವೂ ನೋಡಬಹುದಾ? ಬಣ್ಣ ನಿಜವಾ?
– ಶಾಲಾ ಶಿಕ್ಷಕಿ, ಹರಿಹರ

ಉತ್ತರ: ನೋಡಬಹುದು ಮೇಡಂ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರದಲ್ಲಿ ಇವೆ. ಹೆಸರು ನೋಂದಾಯಿಸಿದರೆ ಸಾಕು, ಕಾಸಿಲ್ಲ. ಬಣ್ಣ ಮಾತ್ರ ಆಮೇಲೆ ತುಂಬಿದ್ದು. ಕಣ್ಣಿಗೇ ಕಾಣದ ಬೆಳಕಿಗೆ ನಿಜವಾದ ಬಣ್ಣ ಯಾವುದು ಅಂತ ಹೇಳುವುದು?

ನಾನೂ ಒಂದು ಕಡತ ಇಳಿಸಿಕೊಂಡಿದ್ದೆ. ತೆರೆದರೆ ಪರದೆ ತುಂಬ ಕಪ್ಪು. ಮೊಮ್ಮಗ ಬಗ್ಗಿ ನೋಡಿ, 'ತಾತ, ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿದೆ' ಅಂದ. ಕಾಂಟ್ರಾಸ್ಟ್ ಜಾಸ್ತಿ ಮಾಡುತ್ತಾ ಹೋದೆ. ಮೊದಲು ಒಂದು ಚುಕ್ಕೆ, ಆಮೇಲೆ ನಾಲ್ಕೈದು. ಊಟಕ್ಕೆ ಕರೆಯುವವರೆಗೂ ಇಬ್ಬರೂ ಎಣಿಸುತ್ತಾ ಕೂತಿದ್ದೆವು.