ಮಕ್ಕಳ ಜೊತೆ ಮುಂಬೈಗೆ ಬರ್ತಿದ್ದೇವೆ, ತಾರಾಪೊರೆವಾಲಾ ಅಕ್ವೇರಿಯಂ ನೋಡೋಕೆ ಅರ್ಧ ದಿನ ಸಾಕಾಗುತ್ತಾ?

ಅರ್ಧ ದಿನದ ಲೆಕ್ಕ ಬಿಡಿ, ಅದು ಕೆಲವು ವರ್ಷಗಳಿಂದ ಮುಚ್ಚಿದೆ. 1951ರಲ್ಲಿ ಶುರುವಾದ ಅಕ್ವೇರಿಯಂ. 2015ರಲ್ಲಿ ಹೊಸದಾಗಿ ಮಾಡಿಸಿ 12 ಅಡಿ ಉದ್ದದ ಪಾರದರ್ಶಕ ಸುರಂಗ ಹಾಕಿದ್ದರು, ಮೀನುಗಳು ತಲೆ ಮೇಲೇ ಈಜುತ್ತಿದ್ದವು. ಆಮೇಲೆ ಕಟ್ಟಡ ಹಳೆಯದಾಗಿ ಅಪಾಯ ಅಂತ ಬಾಗಿಲು ಹಾಕಿದರು.

ನಮ್ಮ ಅಕ್ಕ, ಬಾವ ಮಕ್ಕಳನ್ನು ಕರ್ಕೊಂಡು ಧಾರವಾಡದಿಂದ ಮೇ ರಜೆಗೆ ಬಂದಾಗಲೂ ಇದೇ ಕಥೆ. ಮುಚ್ಚಿದೆ ಅಂತ ಗೊತ್ತಾದ ಕೂಡಲೇ ಮಕ್ಕಳ ಮುಖ ಸಪ್ಪಗಾಯ್ತು. "ಮೀನು ಇರೋದು ಸಮುದ್ರದಾಗ ಅಲ್ಲೇನ್ರೋ, ನಡೀರಿ" ಅಂತ ಬಾಂದ್ರಾದ ಕಾರ್ಟರ್ ರೋಡಿಗೆ ಕರ್ಕೊಂಡು ಹೋದೆ. ಅಲ್ಲಿ ನೀರು ಇಳಿದಾಗ ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡಗಳು ಉಳಿಯುತ್ತವೆ. ಅವುಗಳಲ್ಲಿ ಒಂದು ಲೋಕವೇ ಇರುತ್ತದೆ.

ನಾನು ತಪ್ಪಿದ್ದು ಇಲ್ಲೇ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇದರಲ್ಲೇ. ಇಳಿತದ ಹೊತ್ತು ನೋಡಿದ್ದೆ, ಎತ್ತರ ನೋಡಿರಲಿಲ್ಲ. ದಿನಕ್ಕೆ ಎರಡು ಸಲ ನೀರು ಇಳಿಯುತ್ತೆ ನಿಜ, ಆದರೆ ಮುಂಬೈಯಲ್ಲಿ ಎರಡೂ ಒಂದೇ ಮಟ್ಟಕ್ಕೆ ಇಳಿಯಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಬೆಳಿಗ್ಗೆ, ಸಂಜೆ ಆರೇಳರ ಹೊತ್ತಿಗೆ ಇಳಿತ. ಬೇಸಿಗೆಯಲ್ಲಿ ಬೆಳಗಿನದು ತಳದವರೆಗೆ ಇಳಿಯುತ್ತೆ, ಸಂಜೆಯದು ಅರ್ಧಕ್ಕೇ ನಿಲ್ಲುತ್ತೆ. ಟೈಡ್ ಚಾರ್ಟಿನಲ್ಲಿ, ಅಂದ್ರೆ ಕಡಲ ಏರಿಳಿತದ ಪಟ್ಟಿಯಲ್ಲಿ, ಹೊತ್ತಿನ ಪಕ್ಕದಲ್ಲೇ ನೀರಿನ ಮಟ್ಟದ ಮೀಟರ್ ಲೆಕ್ಕ ಇರುತ್ತದೆ. ಆ ಸಂಜೆಯ ಮಟ್ಟ ಎರಡು ಮೀಟರ್ ಹತ್ತಿರ ಇತ್ತು. ಹೋಗಿ ನೋಡಿದರೆ ಬಂಡೆಗಳ ನೆತ್ತಿ ಬಿಟ್ಟರೆ ಬರೀ ನೀರು. ಮಕ್ಕಳಿಗೆ ಒಂದೇ ದಿನ ಎರಡು ಸಲ ನಿರಾಸೆ ಮಾಡಿದೆ. ಮರುದಿನ ಸಂಜೆ ಅವರ ರೈಲು ಬೇರೆ.

ಬಾವ ಬೇಡವೇ ಬೇಡ ಅಂದರು. ಆದರೂ ಬೆಳಿಗ್ಗೆ ಕತ್ತಲಲ್ಲೇ ಎಬ್ಬಿಸಿ ಹೊರಡಿಸಿದೆ. ಆ ಹೊತ್ತಿನ ಮಟ್ಟ ಅರ್ಧ ಮೀಟರಿಗಿಂತ ಕಡಿಮೆ. ಹಿಂದಿನ ಸಂಜೆ ನೀರಿದ್ದ ಜಾಗದಲ್ಲಿ ನಾವು ನಡೆದಾಡಿದೆವು! ಒಂದು ಹೊಂಡದಲ್ಲಿ ಕಡಲ ಹೂವು (ಸೀ ಅನಿಮೋನ್ ಅನ್ನೋ ಪ್ರಾಣಿ) ಎಳೆಗಳನ್ನೆಲ್ಲ ಹರಡಿಕೊಂಡು ಕೂತಿತ್ತು. ಪಕ್ಕದಲ್ಲೇ ಸನ್ಯಾಸಿ ಏಡಿ, ಶಂಖದ ಬಾಯಿಂದ ಎರಡು ಕಣ್ಣಷ್ಟೇ ಹೊರಗೆ. ಚಿಕ್ಕವಳು ಬಗ್ಗಿದಳು, ಅವಳ ನೆರಳು ಬಿತ್ತು, ಸರಕ್ಕಂತ ಒಳಗೆ. "ಮಾಮಾ, ಅದು ನನ್ನ ನೋಡಿತು!" ಅಂದಳು. ಗಾಜಿನ ಆಚೆ ಇರುವ ಮೀನು ಮಗುವನ್ನ ಹಾಗೆ ನೋಡಲ್ಲ, ಅಲ್ವಾ?

ಅದಕ್ಕೇ ಹೇಳೋದು, ಬೇರೆ ಅಕ್ವೇರಿಯಂ ಹುಡುಕಬೇಡಿ. ಗಾಜಿನ ಹಿಂದೆ ಪ್ರಾಣಿ ನೋಡಲೇಬೇಕು ಅಂದ್ರೆ ಬೈಕುಲಾದ ರಾಣಿ ಬಾಗ್ ಮೃಗಾಲಯದಲ್ಲಿ ಪೆಂಗ್ವಿನ್‌ಗಳಿವೆ, ಬುಧವಾರ ಮಾತ್ರ ರಜೆ. ಆದರೆ ಒಂದು ಬೆಳಗ್ಗೆ ದಂಡೆಗೆ ಇಡಿ. 2017ರಲ್ಲಿ ಶುರುವಾದ ಮರೀನ್ ಲೈಫ್ ಆಫ್ ಮುಂಬೈ ತಂಡ ಇಳಿತದ ಹೊತ್ತಿಗೆ ಜನರನ್ನ ಕರ್ಕೊಂಡು ಹೋಗಿ ತೋರಿಸುತ್ತದೆ. ನಿಮ್ಮ ದಿನಕ್ಕೆ ಅವರ ನಡಿಗೆ ಇದ್ದರೆ ಅದೇ ಒಳ್ಳೇದು. ನೀವೇ ಹೋಗುವುದಾದರೆ ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿಯಿರಿ, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ಚಪ್ಪಲಿ ಬೇಡ, ಪಾಚಿ ಜಾರುತ್ತೆ, ಹಿಡಿತ ಇರುವ ಶೂ ಹಾಕಿಸಿ. ಏನನ್ನೂ ಮುಟ್ಟಿಸಬೇಡಿ, ಕೀಳಿಸಬೇಡಿ. ಇಲ್ಲಿ ಹವಳವೂ ಇದೆ, ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಮಳೆಗಾಲದಲ್ಲಿ ಬರ್ತಿದ್ದರೆ ಮಾತ್ರ ಈ ಯೋಚನೆ ಪೂರ್ತಿ ಬಿಡಿ.