ವಿಎಂ ನಿಲ್ಲಿಸದೆ ಪ್ರಾಕ್ಸ್‌ಮಾಕ್ಸ್ 8ರಿಂದ 9ಕ್ಕೆ

ಪ್ರಾಕ್ಸ್‌ಮಾಕ್ಸ್ (ಒಂದು ಸರ್ವರ್‌ನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ತಂತ್ರಾಂಶ) ಹಾಕಿದ ಮೂರು ನೋಡ್‌ಗಳ, ಅಂದರೆ ಮೂರು ಸರ್ವರ್‌ಗಳ, ಕ್ಲಸ್ಟರ್ ಇದೆ, ಅಂಗಡಿಯ ಬಿಲ್ಲಿಂಗ್ ವಿಎಂ ನಿಲ್ಲಬಾರದು, 8ರಿಂದ 9ಕ್ಕೆ ಹೋಗೋದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ ಸರ್. ನಾನೂ ಮೂರು ನೋಡ್‌ಗಳಲ್ಲಿ ಮಾಡಿದ್ದೇನೆ.

ಒಂದೇ ನಿಯಮ: ಖಾಲಿ ಮಾಡಿದ ನೋಡ್ ಮೇಲೆ ಮಾತ್ರ ಕೈ ಇಡಿ. ಮೊದಲ ನೋಡ್‌ನ ವಿಎಂಗಳನ್ನೆಲ್ಲ ಪಕ್ಕದವಕ್ಕೆ ಲೈವ್ ಮೈಗ್ರೇಟ್ ಮಾಡಿ (ಓಡುತ್ತಿರುವಾಗಲೇ ದಾಟಿಸಿ), ಅದನ್ನು ಅಪ್‌ಗ್ರೇಡ್ ಮಾಡಿ, ರೀಬೂಟ್ ಮಾಡಿ. ಆಮೇಲೆ ಎರಡನೇದರ ವಿಎಂಗಳನ್ನು ಈ ಹೊಸ ನೋಡ್‌ಗೆ ತನ್ನಿ. ಹಳೆಯದರಿಂದ ಹೊಸದಕ್ಕೆ ಸಲೀಸಾಗಿ ಬರುತ್ತವೆ. ಹೊಸದರಿಂದ ಹಳೆಯದಕ್ಕೆ ವಾಪಸ್ ಹೋಗುತ್ತವೆ ಅನ್ನೋ ಭರವಸೆ ಇಲ್ಲ, ಆ ಕಡೆ ಕಳಿಸಲೇಬೇಡಿ.

ಶುರು ಮಾಡುವ ಮುಂಚೆ ಲೆಕ್ಕ ಹಾಕಿ, ಎರಡೇ ನೋಡ್‌ಗಳ ರ‍್ಯಾಮ್‌ನಲ್ಲಿ ಎಲ್ಲಾ ವಿಎಂ ಹಿಡಿಸುತ್ತವಾ? ಆಮೇಲೆ ಬಿಲ್ಲಿಂಗ್ ವಿಎಂಗೆ ಯುಎಸ್‌ಬಿ ಡಾಂಗಲ್ (ಸಾಫ್ಟ್‌ವೇರ್ ಲೈಸೆನ್ಸ್ ಕೀ) ಚುಚ್ಚಿದ್ದೀರಾ ನೋಡಿ. ನೋಡ್‌ಗೆ ನೇರವಾಗಿ ಚುಚ್ಚಿದ ಡಾಂಗಲ್ ಇದ್ದರೆ ಲೈವ್ ಮೈಗ್ರೇಷನ್ ಆಗೋದೇ ಇಲ್ಲ. ಸಿಡಿ ಡ್ರೈವ್‌ನಲ್ಲಿ ಮರೆತು ಬಿಟ್ಟ ಲೋಕಲ್ ಐಎಸ್‌ಒ (ಆ ನೋಡ್‌ನಲ್ಲೇ ಇರುವ ಸಿಡಿ ಇಮೇಜ್ ಫೈಲ್) ಕೂಡ ಹಾಗೇ ತಡೆಯುತ್ತದೆ. ವಿಎಂನ ಸಿಪಿಯು ಟೈಪ್ ‘ಹೋಸ್ಟ್’ (ನೋಡ್‌ನ ಪ್ರೊಸೆಸರ್ ಇದ್ದ ಹಾಗೇ ಕಾಣೋದು) ಅಂತಿದ್ದು ನೋಡ್‌ಗಳ ಪ್ರೊಸೆಸರ್ ಬೇರೆಬೇರೆ ಆಗಿದ್ದರೆ ದಾಟಿದ ಮೇಲೆ ವಿಎಂ ಹ್ಯಾಂಗ್ ಆಗಬಹುದು. ಅದನ್ನು ಬದಲಿಸಲು ವಿಎಂ ಒಮ್ಮೆ ಆಫ್ ಮಾಡಲೇಬೇಕು. ಅಂಗಡಿ ಮುಚ್ಚಿದ ಮೇಲೆ ಮಾಡಿಕೊಳ್ಳಿ.

ಮೂರೂ ನೋಡ್ ಮೊದಲು 8.4ಕ್ಕೆ ಬರಲಿ. ಸೆಫ್ (ಎಲ್ಲಾ ನೋಡ್‌ಗಳ ಡಿಸ್ಕ್ ಸೇರಿಸಿ ಮಾಡುವ ಹಂಚಿಕೆಯ ಸ್ಟೋರೇಜ್) ಇದ್ದರೆ ಅದು 19.2ಕ್ಕೆ, ಅಂದರೆ ಸ್ಕ್ವಿಡ್‌ಗೆ, ಮುಂಚೆಯೇ ಏರಿರಬೇಕು. ‘ಪಿವಿಇ8ಟು9’ ಚೆಕ್ ಸ್ಕ್ರಿಪ್ಟನ್ನು ‘ಫುಲ್’ ಹಾಕಿ ಓಡಿಸಿ, ಕೆಂಪು ಸಾಲು ಒಂದೂ ಉಳಿಯಬಾರದು. ಅಪ್‌ಗ್ರೇಡನ್ನು ವೆಬ್ ಕನ್ಸೋಲ್‌ನಲ್ಲಿ ಮಾಡಬೇಡಿ, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ಸಂಪರ್ಕ) ಟಿಮಕ್ಸ್ ಒಳಗೆ ಮಾಡಿ, ಸಂಪರ್ಕ ಕಡಿದರೂ ಕೆಲಸ ನಿಲ್ಲದು.

ವಿಎಂ ದಾಟುವಾಗ ಇನ್ನೊಂದು ಕಿಟಕಿಯಲ್ಲಿ ಅದಕ್ಕೆ ಪಿಂಗ್ ಓಡಿಸಿಟ್ಟುಕೊಳ್ಳಿ. ಮೊದಲು ರ‍್ಯಾಮ್ ಕಾಪಿ ಆಗುತ್ತದೆ, ಅಷ್ಟರಲ್ಲಿ ಬದಲಾದ ಭಾಗ ಮತ್ತೆ ಕಾಪಿ ಆಗುತ್ತದೆ, ಕೊನೆಗೆ ಒಂದು ಕ್ಷಣದ ನಿಲುಗಡೆ. ಟಾಸ್ಕ್ ಲಾಗ್‌ನ ಕೊನೇಲಿ ‘ಡೌನ್‌ಟೈಮ್’ ಎಷ್ಟು ಅಂತ ಬರುತ್ತದೆ. ನನ್ನದು 63 ಮಿಲಿಸೆಕೆಂಡ್. ಪಿಂಗ್‌ನಲ್ಲಿ ಒಂದು ಉತ್ತರವೂ ತಪ್ಪಲಿಲ್ಲ.

ಪೆಟ್ಟು ತಿಂದಿದ್ದು ಬೇರೆ ಕಡೆ. ರೀಬೂಟ್ ಆದ ಮೇಲೆ ಮೊದಲ ನೋಡ್ ನೆಟ್‌ವರ್ಕ್‌ಗೆ ಬರಲೇ ಇಲ್ಲ. ಮಾನಿಟರ್ ಹೊತ್ತುಕೊಂಡು ಹೋಗಿ ನೋಡಿದರೆ ಹೊಸ ಕರ್ನಲ್‌ನಲ್ಲಿ ಲ್ಯಾನ್ ಕಾರ್ಡಿನ ಹೆಸರೇ ಬದಲಾಗಿತ್ತು, ಬ್ರಿಡ್ಜ್ (ವಿಎಂಗಳನ್ನು ಲ್ಯಾನ್‌ಗೆ ಜೋಡಿಸುವ ವರ್ಚುವಲ್ ಸ್ವಿಚ್) ಹಳೇ ಹೆಸರನ್ನೇ ಹುಡುಕುತ್ತಿತ್ತು. ನೆಟ್‌ವರ್ಕ್ ಸೆಟ್ಟಿಂಗ್ ಫೈಲ್‌ನಲ್ಲಿ ಹೆಸರು ತಿದ್ದಿದೆ, ಸರಿಯಾಯಿತು. ನೋಡ್ ಖಾಲಿ ಇದ್ದಿದ್ದರಿಂದ ಯಾರಿಗೂ ತೊಂದರೆ ಆಗಲಿಲ್ಲ. ನೀವು ಮಾನಿಟರ್, ಕೀಬೋರ್ಡ್ ಹತ್ತಿರದಲ್ಲೇ ಇಟ್ಟುಕೊಳ್ಳಿ.

ಇನ್ನೊಂದು, ಒಂದು ನೋಡ್ ಕೆಳಗಿದ್ದಾಗ ಉಳಿದ ಎರಡನ್ನು, ಸ್ವಿಚ್ಚನ್ನು ಮುಟ್ಟಲೇಬೇಡಿ. ನೋಡ್‌ಗೊಂದು ಓಟು, ಕ್ಲಸ್ಟರ್ ನಡೆಯಲು ಮೂರರಲ್ಲಿ ಎರಡು ಓಟು ಇರಲೇಬೇಕು. ಎಚ್‌ಎ (ನೋಡ್ ಬಿದ್ದರೆ ಅದರ ವಿಎಂ ಬೇರೆ ನೋಡ್‌ನಲ್ಲಿ ತಾನಾಗೇ ಶುರುವಾಗುವ ವ್ಯವಸ್ಥೆ) ಹಾಕಿದ್ದರೆ ಈ ಬಹುಮತ ಕಳೆದುಕೊಂಡ ನೋಡ್ ತಾನಾಗೇ ರೀಬೂಟ್ ಆಗುತ್ತದೆ, ವಿಎಂ ಸಮೇತ. ಸೆಫ್ ಇದ್ದರೆ ರೀಬೂಟ್‌ಗೆ ಮುಂಚೆ ‘ನೋಔಟ್’ (ಕೆಳಗಿರುವ ಡಿಸ್ಕ್‌ಗಳನ್ನು ಸೆಫ್ ಹೊರಹಾಕದಂತೆ ತಡೆಯುವ ಗುರುತು) ಹಾಕಿ, ಪಿಜಿಗಳೆಲ್ಲ (ಸೆಫ್ ಡೇಟಾ ಇಡುವ ಗುಂಪುಗಳು) ‘ಆಕ್ಟಿವ್ ಕ್ಲೀನ್’ ಆಗೋವರೆಗೂ ಮುಂದಿನ ನೋಡ್‌ಗೆ ಹೋಗಬೇಡಿ.

ನಿಮ್ಮ ಸ್ಟೋರೇಜ್ ಯಾವುದು, ಡಾಂಗಲ್ ಇದೆಯಾ ಅಂತ ಇಲ್ಲೇ ಬರೆಯಿರಿ. ಚೆಕ್ ಸ್ಕ್ರಿಪ್ಟ್ ಏನಾದರೂ ಎಚ್ಚರಿಕೆ ಕೊಟ್ಟರೆ ಅದರ ಫೋಟೋನೂ ಹಾಕಿ, ನೋಡಿ ಹೇಳ್ತೀನಿ.