ಹಿಂಗಾಲು ಎಳೆಯುವ ಆಮೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ನೆಲದ ಆಮೆ ಒಂದು ವಾರದಿಂದ ಹಿಂಗಾಲು ಎರಡನ್ನೂ ಎಳೆದುಕೊಂಡು ಓಡಾಡುತ್ತಿದೆ. ಹೆಣ್ಣಾಮೆ, ದೊಡ್ಡದು. ಮುಂಗಾಲು ಸರಿಯಾಗಿವೆ. ಸೊಪ್ಪು ಅಷ್ಟಿಷ್ಟು ತಿನ್ನುತ್ತದೆ. ಗಾಜಿನ ಕಿಟಕಿಯ ಪಕ್ಕ ದಿನವೂ ಬಿಸಿಲಿಗೆ ಇಡುತ್ತೇವೆ, ಕ್ಯಾಲ್ಸಿಯಂ ಪುಡಿಯನ್ನೂ ಕೊಡುತ್ತೇವೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಹುದೇ?

ಉತ್ತರ: ದಯವಿಟ್ಟು ತಿಕ್ಕಬೇಡಿ. ಒಂದೇ ಕಾಲು ಸೋತರೆ ಪೆಟ್ಟು, ಕೀಲಿನ ಸೋಂಕು, ಬಾವು ಎಂದು ಯೋಚಿಸಬಹುದು. ಹಿಂಗಾಲು ಎರಡೂ ಒಟ್ಟಿಗೆ ಸೋತಿದ್ದರೆ ತೊಂದರೆ ಹೆಚ್ಚಾಗಿ ಕಾಲಿನಲ್ಲಿರುವುದಿಲ್ಲ, ಚಿಪ್ಪಿನೊಳಗಿರುತ್ತದೆ. ಹಿಂಗಾಲಿನ ನರಗಳು ಸೊಂಟದ ಮೂಳೆಯ ಬಳಿ ಹಾದುಹೋಗುತ್ತವೆ. ಮೂತ್ರಕೋಶವೂ ಮೊಟ್ಟೆಯ ದಾರಿಯೂ ಅದೇ ಇಕ್ಕಟ್ಟಿನ ಜಾಗದಲ್ಲಿವೆ. ಮೂತ್ರಕೋಶದಲ್ಲಿ ಕಲ್ಲು ಬೆಳೆದರೆ, ಇಲ್ಲವೇ ಮೊಟ್ಟೆ ಹೊರಬರದೆ ನಿಂತರೆ, ಚಿಪ್ಪು ಹಿಗ್ಗುವುದಿಲ್ಲವಾದ್ದರಿಂದ ಒತ್ತಡ ನರಗಳ ಮೇಲೆ ಬೀಳುತ್ತದೆ. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣಾಮೆ ಮೊಟ್ಟೆ ಕಟ್ಟುತ್ತದೆ, ಅಗೆಯಲು ತಕ್ಕ ಮಣ್ಣು ಸಿಗದಿದ್ದರೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ಕಿಟಕಿಯ ಬಿಸಿಲು. ವಿಟಮಿನ್ ಡಿ3 ತಯಾರಾಗಲು ಬೇಕಾದ ಯುವಿಬಿ ಕಿರಣ, ಅಂದರೆ ಸುಮಾರು 290ರಿಂದ 320 ನ್ಯಾನೊಮೀಟರ್ ಅಲೆಯ, ಕಣ್ಣಿಗೆ ಕಾಣದ ನೇರಳಾತೀತ ಬೆಳಕು, ಸಾಮಾನ್ಯ ಗಾಜನ್ನು ದಾಟಿ ಬರುವುದಿಲ್ಲ. ನಿಮ್ಮ ಆಮೆಗೆ ಸಿಗುತ್ತಿರುವುದು ಬೆಳಕು ಮತ್ತು ಕಾವು ಮಾತ್ರ. ಡಿ3 ಇಲ್ಲದೆ ಪುಡಿಯ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕೊರತೆಯನ್ನು ದೇಹ ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಸ್ನಾಯು ಸೋಲುತ್ತದೆ, ಮೊಟ್ಟೆ ತಳ್ಳುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ನಿಮ್ಮ ಆಮೆಯಲ್ಲಿ ಎರಡು ಕಾರಣ ಒಟ್ಟಿಗೇ ಇರಬಹುದು.

ವೈದ್ಯರಲ್ಲಿಗೆ ಹೋಗುವ ಮುನ್ನ ಇಷ್ಟನ್ನು ಗಮನಿಸಿ. ಆಮೆ ಕಾವು ಪಡೆದ ಮೇಲೆ ನಯವಾದ ನೆಲದ ಮೇಲಲ್ಲ, ಒರಟು ಚಾಪೆಯ ಮೇಲೆ ಬಿಟ್ಟು ಹಿಂದಿನಿಂದ ನೋಡಿ. ನಡೆಯುವಾಗ ಹೊಟ್ಟೆಯ ಚಿಪ್ಪು ನೆಲ ಬಿಟ್ಟು ಏಳುತ್ತಿದೆಯೇ? ಬೆನ್ನಿನ ಚಿಪ್ಪನ್ನು ಬೆರಳಿನಿಂದ ಮೆಲ್ಲಗೆ ಒತ್ತಿ: ಮರಿಗಳಲ್ಲಿ ತುಸು ಬಾಗುವುದು ಸಹಜ, ಬೆಳೆದ ಆಮೆಯಲ್ಲಿ ಬಾಗಬಾರದು. ಮೂತ್ರದ ಜೊತೆ ಬರುವ ಬಿಳಿ ವಸ್ತು ಟೂತ್‌ಪೇಸ್ಟ್‌ನಂತೆ ಮೆತ್ತಗಿದ್ದರೆ ಸರಿ. ಮರಳಿನ ಹಾಗೆ ಕೈಗೆ ಸಿಕ್ಕರೆ ನೀರಿನಂಶ ಕಡಿಮೆಯಾಗಿದೆ ಎಂದು ತಿಳಿಯಿರಿ. ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ ಬರೆದಿಡಿ. ಕಾಲ್ಬೆರಳು ಚಿವುಟಿದಾಗ ಕಾಲು ಒಳಗೆ ಎಳೆದುಕೊಂಡಿತೆಂದು ಸಮಾಧಾನಪಡಬೇಡಿ. ಆ ಎಳೆತ ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿಕ್ರಿಯೆ, ಬೆನ್ನುಹುರಿಗೆ ಮೇಲೆ ಪೆಟ್ಟಾಗಿದ್ದರೂ ಉಳಿದಿರಬಹುದು. ಆಮೆಯ ಬೆನ್ನೆಲುಬು ಬೆನ್ನ ಚಿಪ್ಪಿಗೇ ಬೆಸೆದುಕೊಂಡಿರುವುದರಿಂದ, ಎತ್ತರದಿಂದ ಬಿದ್ದು ಚಿಪ್ಪಿನ ನಡುಗೆರೆಯಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನೂ ಹೇಳಿ.

ಒಂದು ಎಕ್ಸ್‌ರೇಯಲ್ಲಿ ಚಿಪ್ಪು ಕಟ್ಟಿದ ಮೊಟ್ಟೆ, ಕಲ್ಲು, ಮುರಿತ, ಮೂಳೆಯ ಸಾಂದ್ರತೆ ಎಲ್ಲ ಬಹುಮಟ್ಟಿಗೆ ಗೊತ್ತಾಗುತ್ತದೆ. ಮೊಟ್ಟೆಗೆ ಅಡ್ಡಿಯಿಲ್ಲ ಎಂದು ಖಾತ್ರಿಯಾದ ಮೇಲೆ, ಮೊದಲು ನೀರಿನಂಶ ಮತ್ತು ಕ್ಯಾಲ್ಸಿಯಂ ಸರಿಪಡಿಸಿ, ಆಮೇಲೆ ಮೊಟ್ಟೆ ಹೊರತಳ್ಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅಡ್ಡಿ ಇರುವಾಗ ಕೊಟ್ಟರೆ ಮೊಟ್ಟೆನಾಳ ಹರಿಯಬಹುದು, ಆದ್ದರಿಂದ ಎಕ್ಸ್‌ರೇ ತಪ್ಪಿಸಬೇಡಿ. ದೊಡ್ಡ ಕಲ್ಲಿಗೆ ಶಸ್ತ್ರಚಿಕಿತ್ಸೆಯೇ ಬೇಕು.

ಅಲ್ಲಿಯವರೆಗೆ ದಿನಕ್ಕೊಮ್ಮೆ 28–30 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಕೂರಿಸಿ. ನೀರು ಗದ್ದದ ಮಟ್ಟ ಮೀರಬಾರದು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬಿಸಿಲು ಕಾಯುವ ಜಾಗ 32–35 ಡಿಗ್ರಿ ಇರಲಿ, ಕಾವು ಹೆಚ್ಚಾದರೆ ಸರಿದುಕೊಳ್ಳಲು ನೆರಳೂ ಇರಲಿ. ತೆರೆದ ಬಿಸಿಲು ಸಾಧ್ಯವಿಲ್ಲದಿದ್ದರೆ ಯುವಿಬಿ ಟ್ಯೂಬ್ ಹಾಕಿ. ಅದು ಉರಿಯುತ್ತಿದ್ದರೂ ಯುವಿಬಿ ಕುಂದುತ್ತಾ ಹೋಗುತ್ತದೆ, ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ಬದಲಿಸಿ. ಡಿ3 ಹನಿಗಳನ್ನು ಮಾತ್ರ ನೀವೇ ಹಾಕಬೇಡಿ, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ.

ಪ್ರಶ್ನೆ: ನಮ್ಮ ರೆಡ್ ಇಯರ್ಡ್ ಸ್ಲೈಡರ್ ನೀರಾಮೆ ಇನ್ನೊಂದರ ಮುಖದ ಮುಂದೆ ಮುಂಗಾಲಿನ ಉಗುರು ಪಟಪಟನೆ ಅಲುಗಿಸುತ್ತದೆ. ಕಲ್ಲಿನ ಮೇಲೆ ಹಿಂಗಾಲು ಚಾಚಿ ಮಲಗುತ್ತದೆ. ನರದೌರ್ಬಲ್ಯವೇ?

ಉತ್ತರ: ಎರಡೂ ಸಹಜ. ಉಗುರು ಅಲುಗಿಸುವುದು ಗಂಡು ಹೆಣ್ಣನ್ನು ಒಲಿಸುವ ರೀತಿ, ಮರಿಗಳೂ ಹೀಗೆ ಮಾಡುತ್ತವೆ. ಕಾಲು ಚಾಚುವುದು ಬಿಸಿಲಿಗೆ ಹೆಚ್ಚು ಚರ್ಮ ಒಡ್ಡಲು. ನೀರಿಗೆ ಇಳಿದಾಗ ನಾಲ್ಕೂ ಕಾಲು ಒಂದೇ ಸಮ ಆಡುತ್ತಿದ್ದರೆ ಚಿಂತೆ ಬೇಡ. ಒಂದು ಪಕ್ಕಕ್ಕೆ ವಾಲಿ ಈಜಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಶ್ವಾಸಕೋಶದ ಸೋಂಕು ಇರಬಹುದು, ಆ ದಿನವೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನೀರಾಮೆಯ ಒಂದು ಮುಂಗಾಲು ಊದಿದೆ. ಸೂಜಿಯಿಂದ ಕೀವು ತೆಗೆಯಬಹುದೇ?

ಉತ್ತರ: ಬರುವುದಿಲ್ಲ. ಆಮೆಯ ಕೀವು ದ್ರವವಲ್ಲ, ಗಟ್ಟಿ ಮುದ್ದೆ. ವೈದ್ಯರು ಕೊಯ್ದು ಪೊರೆಸಮೇತ ತೆಗೆಯಬೇಕಾಗುತ್ತದೆ. ಊತದ ಮೇಲ್ತುದಿಯಲ್ಲಿ ದಾರ ಅಥವಾ ಕೂದಲು ಬಿಗಿದು ಚರ್ಮದೊಳಗೆ ಹುದುಗಿದೆಯೇ ಎಂದು ಮೊದಲು ಬೆಳಕಿನಲ್ಲಿ ನೋಡಿ. ಹಲವು ಕೀಲುಗಳು ಊದಿದ್ದರೆ ಯೂರಿಕ್ ಆಮ್ಲ ಕೂಡಿಕೊಳ್ಳುವ ಗೌಟ್ ಇರಬಹುದು, ನೀರಿನ ಕೊರತೆ ಮತ್ತು ಮೂತ್ರಪಿಂಡದ ತೊಂದರೆ ಅದಕ್ಕೆ ದಾರಿ ಮಾಡುತ್ತವೆ. ಕಾಲು ಸೋತ ನೀರಾಮೆ ಮುಳುಗಿ ಸಾಯಬಹುದು: ನಿಂತಲ್ಲೇ ಕತ್ತೆತ್ತಿ ಉಸಿರಾಡುವಷ್ಟಕ್ಕೆ ತೊಟ್ಟಿಯ ನೀರು ಇಳಿಸಿ.

ಪ್ರಶ್ನೆ: ನಾಯಿಗೆ ತಂದ ಹುಳದ ಔಷಧಿ ಆಮೆಗೆ ಕೊಡಬಹುದೇ?

ಉತ್ತರ: ಖಂಡಿತ ಬೇಡ. ಅದರಲ್ಲಿ ಐವರ್ಮೆಕ್ಟಿನ್ ಇದ್ದರೆ ಆಮೆಗೆ ಅದು ವಿಷ. ಕಾಲು, ಕತ್ತು ಜೋತುಬಿದ್ದು ಉಸಿರಾಟವೇ ನಿಲ್ಲಬಹುದು. ಈಗಾಗಲೇ ಹಾಕಿದ್ದರೆ ಔಷಧಿಯ ಬಾಟಲಿಯನ್ನೂ ಆಮೆಯನ್ನೂ ತಕ್ಷಣ ವೈದ್ಯರಲ್ಲಿಗೆ ಒಯ್ಯಿರಿ. ಪ್ರತಿಮದ್ದು ಇಲ್ಲ, ಆದರೆ ಉಸಿರಾಟಕ್ಕೆ ಆಸರೆ ಕೊಟ್ಟು ಉಳಿಸಿಕೊಳ್ಳಲು ಪ್ರಯತ್ನಿಸಬಹುದು. ಮುಂದೆ ಹುಳದ ಚಿಕಿತ್ಸೆ ಬೇಕಾದಾಗ ತಾಜಾ ಮಲ ಪರೀಕ್ಷೆ ಮಾಡಿಸಿ, ಔಷಧಿಯ ಆಯ್ಕೆ ಮತ್ತು ಪ್ರಮಾಣ ಆಮೆಯ ತೂಕ ನೋಡಿ ವೈದ್ಯರೇ ನಿರ್ಧರಿಸಲಿ.